ಚಳಿ ಸೇತುವೆಯ ಮೇಲೊಂದು ಕುರ್ಚಿ

ವೋರು, 9 ಜನವರಿ 2019

ನಾಲ್ಕು ಮಹಡಿಯ ಮಹಾಜನರೇ, ಬಾಲ್ಕನಿ ಬಾಂಧವರೇ, ಒಂದೇ ಬಿಸಿನೀರ ಕೊಳವೆಗೆ ಕಟ್ಟುಬಿದ್ದ ಕುಲಸ್ಥರೇ, ಮೇಲೆ ಚಳಿಗೆ ಒಲಿದವರೇ, ಕೆಳಗೆ ಇಲಿಗೆ ಬಲಿಯಾದವರೇ,

ಗಾಬರಿಯಾಗಬೇಡಿ, ಎಂಜಿನಿಯರ್ ಓಯಾ ಅವರೇ. ಇದು ನಾನು ಸಭೆಗೆಂದು ಬರೆದುಕೊಂಡು ಹೋದ ಭಾಷಣದ ಮೊದಲ ಸಾಲು. ಸಭೆ ನೆಲಮಾಳಿಗೆಯ ಸೈಕಲ್ ಕೋಣೆಯಲ್ಲಿ ಸೇರಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಒಂದನೇ ಮನೆಯ ವಾಂಬೊಲ, “ಪದ್ಯ ಆಮೇಲೆ ಓದಮ್ಮ, ಬಾಲ್ಕನಿ ಕೊಯ್ತಾರೋ ಇಲ್ವೋ ಅದ್ಹೇಳು ಮೊದ್ಲು” ಅಂದುಬಿಟ್ಟರು. ಬರೆದದ್ದು ದಂಡವಾಗಬಾರದಲ್ಲ, ನಿಮಗೆ ಕಳಿಸುತ್ತಿದ್ದೇನೆ. ನೀವು ಫಿನ್ಲೆಂಡಿನ ಔಲುವಿನಲ್ಲಿ ಕೂತಿದ್ದೀರಿ, ನಡುವೆ ಸಮುದ್ರವಿದೆ, ನನ್ನ ಬಾಯಿ ಮುಚ್ಚಿಸಲಾರಿರಿ.

ನಾನು ಹೆಲ್ಯು ಲೆಪಿಕ್, ಕೆರೆ ದಡದ ಈ ಬಿಳಿ ಇಟ್ಟಿಗೆ ಕಟ್ಟಡದ ನಿವಾಸಿಗಳ ಸಂಘದ ಅಧ್ಯಕ್ಷೆ. ಮೊದಲು ಊರಿನ ಪತ್ರಿಕೆಯಲ್ಲಿ ಹುಟ್ಟುಹಬ್ಬದ ಶುಭಾಶಯಕ್ಕೂ ಸಾವಿನ ಸುದ್ದಿಗೂ ಎರಡೆರಡು ಸಾಲು ಪ್ರಾಸ ಹೊಸೆಯುತ್ತಿದ್ದೆ. ಸತ್ತವರು ಯಾರೂ ದೂರು ಕೊಡಲಿಲ್ಲ. ಹುಟ್ಟುಹಬ್ಬದವರು ಕೊಡುತ್ತಿದ್ದರು.

ಈಗ ವಿಷಯ. ಗೋಡೆಗಳಿಗೆ ಹೊದಿಕೆ, ಕಿಟಕಿಗೆ ಮೂರು ಪದರ ಗಾಜು, ಹಳೇ ಬಾಲ್ಕನಿ ಕೊಯ್ದು ಹೊಸದು: ನಿಮ್ಮ ಕಚೇರಿಯ ಈ ಯೋಜನೆಗೆ ಹನ್ನೆರಡು ಮನೆಯಲ್ಲಿ ಹನ್ನೊಂದು ಒಪ್ಪಿವೆ. ಆದರೆ ಒಬ್ಬರ ಬಾಲ್ಕನಿ ಮುಟ್ಟಬೇಕಾದರೆ ಎಲ್ಲರ ಸಹಿ ಬೇಕು ಎಂಬುದು ನಮ್ಮಲ್ಲಿ ಹಿಂದಿನಿಂದ ಬಂದ ಮಾತು. ಉಳಿದವರು ನಾಲ್ಕನೇ ಮಹಡಿಯ ಹನ್ನೊಂದನೇ ಮನೆಯ ಶ್ರೀಮತಿ ಪಿಹ್ಲಾಕ್. ವಿಧವೆ, ಹಟಮಾರಿ, ಕಾಫಿ ಕಹಿ ಮಾಡುತ್ತಾಳೆ. ಮಾರ್ಚ್ ಮುಗಿಯುವುದರೊಳಗೆ ಸಹಿ ಬೀಳದಿದ್ದರೆ ಸರ್ಕಾರದ ಸಹಾಯ ಬೇರೆ ಕಟ್ಟಡಕ್ಕೆ ಹೋಗುತ್ತದೆ, ನಾವು ಹೀಗೇ ನಡುಗುತ್ತ ಮುದುಕರಾಗುತ್ತೇವೆ. ಎಂಟನೇ ಮನೆಯ ಮಾರಿಕಾ ಸಭೆಯಲ್ಲಿ ಎದ್ದು ನಿಂತು, “ನನ್ ಮಗು ಕೆಮ್ಮು ನಿಲ್ತಿಲ್ಲ, ಯಾರಾದ್ರೂ ಏನಾದ್ರೂ ಮಾಡಿ” ಅಂದಳು. ಎಲ್ಲರೂ ತಲೆ ತಗ್ಗಿಸಿ ಸೈಕಲ್ ಚಕ್ರಗಳನ್ನು ನೋಡಿದರು.

ನಿಮ್ಮ ಶಾಖದ ಕ್ಯಾಮೆರಾದ ಹುಡುಗ ಕ್ರಿಸ್‌ಮಸ್‌ಗೆ ಮೊದಲು ಬಂದು ಫೋಟೋ ಹಿಡಿದುಕೊಂಡು ಹೋದ. ಅವತ್ತು ಮೆಟ್ಟಿಲ ತುಂಬ ಹಂದಿಕಾಲು ಬೇಯುವ ವಾಸನೆ. ಪಾಪ, ಮೂಗು ಮುಚ್ಚಿಕೊಂಡೇ ಓಡಿದ, ಫಿನ್ಲೆಂಡಿನವನಿರಬೇಕು.

ಶ್ರೀಮತಿ ಪಿಹ್ಲಾಕ್‌ಗೆ ಏನು ಹೇಳಲಿ, ತಿಳಿಸಿ.

ಹೆಲ್ಯು ಲೆಪಿಕ್


ಔಲು, 17 ಜನವರಿ

ಮಾನ್ಯ ಅಧ್ಯಕ್ಷರಿಗೆ,

ತಮ್ಮ ಕಾಗದ ತಲುಪಿತು. ನಮ್ಮ ಕಚೇರಿಗೆ ಕೈಬರಹದ ಕಾಗದ ಬರುವುದಿಲ್ಲ. ಸ್ವಾಗತದ ಮೇಜಿನವರು ಅದನ್ನು ಹಕ್ಕಿಮರಿಯ ಹಾಗೆ ಎರಡು ಕೈಯಲ್ಲಿ ಹಿಡಿದು ತಂದರು.

ಶ್ರೀಮತಿ ಪಿಹ್ಲಾಕ್ ಅವರಿಗೆ ಹೀಗೆ ಹೇಳಬಹುದು. ನಿಮ್ಮ ಬಾಲ್ಕನಿಗಳು ಕಟ್ಟಡಕ್ಕೆ ಅಂಟಿಸಿದವಲ್ಲ. ಕೋಣೆಯ ನೆಲದ ಕಾಂಕ್ರೀಟೇ ಗೋಡೆ ದಾಟಿ ಹೊರಗೆ ಚಾಚಿಕೊಂಡಿದೆ. ಬೇಸಿಗೆಯಲ್ಲಿ ಅದು ಬಾಲ್ಕನಿ. ಚಳಿಗಾಲದಲ್ಲಿ ಒಳಗಿನ ಬಿಸಿಯನ್ನು ಹೊತ್ತೊಯ್ದು ಆಕಾಶಕ್ಕೆ ಹಂಚುವ ರೆಕ್ಕೆ. ಗೋಡೆಗೆ ಕಲ್ಲಿನ ನಾರಿನಿಂದಾದ ಕಲ್ಲುಣ್ಣೆಯನ್ನು ಎಷ್ಟೇ ದಪ್ಪ ಹೊದಿಸಿದರೂ, ಮೈತುಂಬ ಕೋಟು ತೊಟ್ಟು ನಾಲಗೆ ಮಾತ್ರ ಹೊರಗೆ ಚಾಚಿ ಮಂಜಿನಲ್ಲಿ ನಿಂತ ಹಾಗೆ. ನಾವು ಇದನ್ನು ಚಳಿ ಸೇತುವೆ ಎನ್ನುತ್ತೇವೆ. ಹೆಸರು ತಪ್ಪು. ದಾಟುವುದು ಚಳಿಯಲ್ಲ, ಬಿಸಿ. ಅದೂ ಹೋಗುವುದು ಮಾತ್ರ, ಬರುವುದಿಲ್ಲ.

ಕೋಣೆಯ ಒಳಬದಿಯಲ್ಲಿ ಸೇತುವೆಯ ಬುಡ ತಣ್ಣಗಿರುತ್ತದೆ. ಅಲ್ಲಿ ಉಸಿರಿನ ತೇವ ನೀರಾಗುತ್ತದೆ, ನೀರು ನಿಂತಲ್ಲಿ ಬೂಷ್ಟು ಬರುತ್ತದೆ. ಎಂಟನೇ ಮನೆಯ ಮಲಗುವ ಕೋಣೆಯ ಚಾವಣಿಯ ಮೂಲೆ ಎಂದರೆ ಹನ್ನೊಂದರ ಬಾಲ್ಕನಿಯ ಬುಡ.

ಕೊಯ್ಯುವುದು ಬೇಡವೆಂದರೆ ಬಾಲ್ಕನಿಯ ಮೇಲೆ, ಕೆಳಗೆ, ಮೂರೂ ಅಂಚಿಗೆ ಹೊದಿಕೆ ಸುತ್ತಬಹುದು. ನಷ್ಟ ಕಡಿಮೆಯಾಗುತ್ತದೆ, ನಿಲ್ಲುವುದಿಲ್ಲ.

ಒಂದು ಸಂಶಯ. ಶಾಖದ ಫೋಟೋ ಲಗತ್ತಿಸಿದ್ದೇನೆ. ಎಲ್ಲ ಬಾಲ್ಕನಿಗಳ ಬುಡ ಹೊರಗಿನಿಂದ ಕಿತ್ತಳೆ ಬಣ್ಣಕ್ಕಿದೆ, ಅಂದರೆ ಬಿಸಿ ಸೋರುತ್ತಿದೆ, ನಿರೀಕ್ಷಿಸಿದ್ದೇ. ಆದರೆ ಹನ್ನೊಂದರ ಬಾಲ್ಕನಿಯಲ್ಲಿ, ಬಾಗಿಲಿನ ಎಡಕ್ಕೆ, ಕುರ್ಚಿಯಂಥದ್ದರ ಮೇಲೆ ಒಂದು ಬೆಚ್ಚನೆಯ ಆಕಾರ ಕೂತಿದೆ. ಕೆಳಗೆ ಅಗಲ, ಮೇಲೆ ಗುಂಡಗೆ. ಅವತ್ತು ಹೊರಗೆ ಸೊನ್ನೆಗಿಂತ ಹದಿನಾಲ್ಕು ಡಿಗ್ರಿ ಕೆಳಗಿತ್ತು. ಅದು ಏನೆಂದು ವಿಚಾರಿಸಿ ತಿಳಿಸುವುದು.

ಮಾರ್ಗುಸ್ ಓಯಾ


ವೋರು, 24 ಜನವರಿ

ಎಂಜಿನಿಯರ್ ಅವರೇ,

ನಿಮ್ಮ ನಾಲಗೆಯ ಮಾತನ್ನು ಮೆಟ್ಟಿಲಲ್ಲಿ ಎಲ್ಲರಿಗೂ ಓದಿ ಹೇಳಿದೆ. ವಾಂಬೊಲ ಹೊರಗೆ ಹೋಗಿ ಕಟ್ಟಡ ನೋಡಿ ಬಂದು, “ಹೌದಲ್ಲೋ, ಹನ್ನೆರಡು ನಾಲಗೆ ಚಾಚ್ಕೊಂಡು ಕೆರೇನ ಅಣಕಿಸ್ತಿದೆ” ಅಂದರು.

ಫೋಟೋ ತೆಗೆದುಕೊಂಡು ಹನ್ನೊಂದಕ್ಕೆ ಹೋದೆ. ಕಾಫಿ ಬಂತು, ಯಥಾಪ್ರಕಾರ ಕಹಿ. ಹಳದಿ, ಕಿತ್ತಳೆ, ನೀಲಿಯ ಆ ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ್ದಾಯಿತು. ಆಮೇಲೆ ಶ್ರೀಮತಿ ಪಿಹ್ಲಾಕ್ ಹೇಳಿದ್ದು ಇಷ್ಟು: “ಇದು ನನ್ ಗಂಡ ಎಂಡೆಲ್.”

ಎಂಡೆಲ್ ತೀರಿಹೋಗಿ ಇದು ಮೂರನೇ ಚಳಿಗಾಲ.

ನಗಬೇಡಿ. ನೀವು ನಮ್ಮ ಎದುರಿನ ತಮುಲ ಕೆರೆ ಹೆಪ್ಪುಗಟ್ಟುವುದನ್ನು ಕೇಳಿದ್ದೀರೋ ಇಲ್ಲವೋ. ಗಾಳಿ ನಿಂತ ಸಂಜೆ ಕೆರೆ ಹಾಡುತ್ತದೆ. ಈ ದಡದಿಂದ ಆ ದಡಕ್ಕೆ ಯಾರೋ ತಂತಿ ಮೀಟಿ ಬಿಟ್ಟ ಹಾಗೆ ಒಂದು ದನಿ ಓಡುತ್ತದೆ, ಆಮೇಲೆ ಆಳದಲ್ಲಿ ಹಸು ನಿಟ್ಟುಸಿರು ಬಿಟ್ಟ ಹಾಗೆ ಒಂದು. ಎಂಡೆಲ್ ಕೆಲಸದಿಂದ ಬಂದವನು ಕೋಟು ಬಿಚ್ಚದೆ ಬಾಲ್ಕನಿಗೆ ಹೋಗಿ ಬೂಟು ಕಳಚಿ, ಉಣ್ಣೆ ಕಾಲುಚೀಲದಲ್ಲಿ ಆ ಕುರ್ಚಿಯ ಮೇಲೆ ಕೂರುತ್ತಿದ್ದನಂತೆ. ಹೆಂಡತಿ ಬೈದರೆ, “ಸುಮ್ನಿರೇ, ಕೆರೆ ಕಿವೀಲಿ ಕೇಳೋದಲ್ಲ, ಅಂಗಾಲಲ್ಲಿ ಕೇಳೋದು” ಅನ್ನುವುದು. ನಿಜವೇ. ಕೆರೆ ಬಿರಿದಾಗ ದಡ ಅದುರುತ್ತದೆ, ದಡ ಅದುರಿದರೆ ಕಟ್ಟಡ, ಕಟ್ಟಡ ಅದುರಿದರೆ ಆ ನಾಲಗೆ. ನೀವು ಬಿಸಿ ಹೋಗುವ ದಾರಿ ಅಂತೀರಿ. ಅವರಿಗೆ ಅದು ಕೆರೆ ಬರುವ ದಾರಿ.

ಹೊದಿಕೆ ಸುತ್ತುವುದು ಆಗದಂತೆ. ನೆಲ ಎತ್ತರವಾದರೆ ಬಾಗಿಲು ತೆರೆಯುವುದಿಲ್ಲ, ಮೆತ್ತೆಯ ಮೇಲೆ ಕಾಲಿಟ್ಟರೆ ಕೆರೆ ಕೇಳುವುದಿಲ್ಲ. ಮೂರೂ ಕಡೆ ಗಾಜು ಹಾಕಿ ಅಂತೀರೇನೋ, ಅದೂ ಬೇಡ. ಗಾಜಿನೊಳಗೆ ಕೂರಲು ಎಂಡೆಲ್ ಉಪ್ಪಿನಕಾಯಿ ಸೌತೆಯಲ್ಲವಂತೆ.

ನಿಮ್ಮ ವರದಿಯಲ್ಲಿ ಆ ಆಕಾರದ ಬಗ್ಗೆ ಏನಂತ ಬರೆಯುತ್ತೀರಿ? ನಾನಾದರೆ ಪತ್ರಿಕೆಯ ಹಳೇ ಅಭ್ಯಾಸದಲ್ಲಿ:

ಹೋದವನು ಹೋಗಲಿಲ್ಲ, ಕುರ್ಚಿಯೇ ಸಾಕ್ಷಿ;
ಚಳಿಯಲ್ಲೂ ಆರದು ಕೆರೆಯೆಡೆಗಿನ ಅಕ್ಷಿ.

ಅಕ್ಷಿ ಪ್ರಾಸಕ್ಕೆ ಬಂದದ್ದು. ಕ್ಷಮಿಸಿ.

ಹೆಲ್ಯು


ಔಲು, 2 ಫೆಬ್ರವರಿ

ಹೆಲ್ಯು ಅವರೇ,

ನಗಲಿಲ್ಲ. ವರದಿಯಲ್ಲಿ “ತಾತ್ಕಾಲಿಕ ಶಾಖ, ಲೆಕ್ಕಕ್ಕೆ ತೆಗೆದುಕೊಂಡಿಲ್ಲ” ಎಂದು ಬರೆದಿದ್ದೇನೆ. ಅದಕ್ಕಿಂತ ಹೆಚ್ಚು ಬರೆಯಲು ನಮ್ಮ ನಮೂನೆಯಲ್ಲಿ ಜಾಗವಿಲ್ಲ.

ಇಲ್ಲಿ ಮಧ್ಯಾಹ್ನ ಊಟ ಮುಗಿಸಿ ಬರುವಷ್ಟರಲ್ಲಿ ಬೆಳಕು ನೀಲಿಯಾಗುತ್ತದೆ. ಆ ನೀಲಿಯಲ್ಲಿ ಮೇಜಿಗೆ ತಲೆಯಿಟ್ಟು ಜೊಂಪಿನಲ್ಲಿದ್ದಾಗ ಒಂದು ಕನಸು. ನಾನು ಬರೆದ ನಕ್ಷೆಗಳ ಪ್ರಕಾರ ಕೊಯ್ದ ಬಾಲ್ಕನಿಗಳೆಲ್ಲ ಗೋಡೆ ಬಿಟ್ಟಿಳಿದು, ಮೇಯಲು ಹೊರಟ ದನಗಳ ಹಾಗೆ ಸಾಲಾಗಿ ಒಂದು ಹೆಪ್ಪುಗಟ್ಟಿದ ಕೆರೆಯ ಮೇಲೆ ಹೋಗುತ್ತಿದ್ದವು. ಬಟ್ಟೆ ಒಣಹಾಕುವ ಹಗ್ಗ, ಹೂಕುಂಡ, ಮಕ್ಕಳ ಹಿಮಬಂಡಿ, ಎಲ್ಲ ಅವುಗಳ ಮೇಲೇ. ಕೊನೆಯದರ ಮೇಲೆ ಒಬ್ಬರು ಕೂತಿದ್ದರು, ಕಾಲುಚೀಲದಲ್ಲಿ. ನನ್ನನ್ನು ನೋಡಿ ಬೆರಳು ತುಟಿಗಿಟ್ಟು ಸುಮ್ಮನಿರು ಎಂದರು. ಎದ್ದಾಗ ಕೆನ್ನೆಯ ಮೇಲೆ ಅಳತೆಪಟ್ಟಿಯ ಗುರುತು.

ನನಗೆ ಬಾಲ್ಕನಿ ಕಂಡರೆ ಯಾಕೆ ಇಷ್ಟು ಕೋಪ ಎಂದು ನೀವು ಕೇಳಲಿಲ್ಲ. ಆದರೂ ಹೇಳುತ್ತೇನೆ. ನಾನು ಹುಟ್ಟಿ ಬೆಳೆದದ್ದು ನಿಮ್ಮ ದೇಶದಲ್ಲೇ, ಕೋಹ್ತ್ಲಾ-ಯಾರ್ವೆಯಲ್ಲಿ, ನಿಮ್ಮಂಥದೇ ಕಟ್ಟಡ. ನನ್ನ ಹಾಸಿಗೆ ಬಾಲ್ಕನಿ ಪಕ್ಕದ ಮೂಲೆಯಲ್ಲಿತ್ತು. ಮೂಲೆ ಕಪ್ಪಾದಾಗ ಅಪ್ಪ ಅದರ ಮೇಲೆ ಜಮಖಾನೆ ನೇತುಹಾಕಿದ. ಜಮಖಾನೆಯ ಮೇಲೆ ಜಿಂಕೆಗಳಿದ್ದವು. ಜಿಂಕೆಗಳ ಹಿಂದೆ ಏನಿದೆ ಎಂದು ಮನೆಯಲ್ಲಿ ಯಾರೂ ಎತ್ತಿ ನೋಡಲಿಲ್ಲ. ನಾನು ಶಾಲೆ ಮುಗಿಸುವವರೆಗೆ ಕೆಮ್ಮಿದೆ. ಈಗಲೂ ಮೆಟ್ಟಿಲು ಹತ್ತಿದರೆ ಎದೆಯಲ್ಲಿ ಶಿಳ್ಳೆ ಹಾಕುತ್ತದೆ, ತಮುಲ ಕೆರೆಯಷ್ಟು ಇಂಪಾಗಿ ಅಲ್ಲ.

ಎಂಟನೇ ಮನೆಯ ಮಗುವಿನ ಹೆಸರೇನು? ಹಾಸಿಗೆ ಯಾವ ಮೂಲೆಯಲ್ಲಿದೆ?

ಮಾರ್ಗುಸ್


ವೋರು, 8 ಫೆಬ್ರವರಿ

ಓಯಾ ಅವರೇ,

ಮಗುವಿನ ಹೆಸರು ಮಿರ್ಯಮ್. ಐದು ವರ್ಷ. ಹಾಸಿಗೆ ಎಲ್ಲಿದೆ ಎಂದು ನಾನು ಇನ್ನೊಬ್ಬರ ಮಲಗುವ ಕೋಣೆಗೆ ಹೋಗಿ ನೋಡುವುದಿಲ್ಲ. ನಿಮ್ಮೂರ ಕೆಮ್ಮನ್ನು ನಮ್ಮ ಮೆಟ್ಟಿಲಿಗೆ ತರಬೇಡಿ. ಮಕ್ಕಳು ಚಳಿಗಾಲದಲ್ಲಿ ಕೆಮ್ಮುತ್ತವೆ, ಮೇ ತಿಂಗಳಲ್ಲಿ ಕುಣಿಯುತ್ತವೆ.

ನಿಮ್ಮ ಫೋಟೋ ಈಗ ಮನೆಮನೆ ಸುತ್ತುತ್ತಿದೆ. ಎಂಡೆಲ್ ಕೂತಿದ್ದಾನೆ ಎಂದು ಎಲ್ಲರಿಗೂ ಗೊತ್ತಾಗಿದೆ. ಜನ ಬಾಲ್ಕನಿ ಕೆಳಗೆ ಹೋಗುವಾಗ ದನಿ ತಗ್ಗಿಸುತ್ತಾರೆ. ನಿನ್ನೆ ವಾಂಬೊಲ ಬಂದು, “ಸತ್ತೋರು ಕೂತಿರೋ ಜಾಗ ಕೊಯ್ಯೋಕೆ ನಾನ್ ಒಪ್ಪಲ್ಲ, ನನ್ ಸಹಿ ವಾಪಸ್ ಕೊಡು” ಅಂದರು.

“ಮೊನ್ನೆ ನಾಲಗೆ ಅಂದ್ರಿ?”

“ಮೊನ್ನೆ ಅದ್ರ ಮೇಲೆ ಯಾರೂ ಕೂತಿರ್ಲಿಲ್ಲ.”

ಹೀಗಿದೆ. ಈಗ ಹನ್ನೊಂದನೇ ಮನೆಯ ಬಾಗಿಲು ಬಡಿದು ಸಹಿ ಕೇಳುವವರು ಯಾರೂ ಇಲ್ಲ. ಮಾರಿಕಾಳೂ ಕೇಳುವುದಿಲ್ಲ. ಮೆಟ್ಟಿಲಲ್ಲಿ ಸಿಕ್ಕರೆ ನಮಸ್ಕಾರ ಹೇಳಿ ಗೋಡೆಗೆ ಒತ್ತಿಕೊಂಡು ದಾರಿ ಬಿಡುತ್ತಾಳೆ.

ಹೆ. ಲೆಪಿಕ್, ಅಧ್ಯಕ್ಷೆ


ಔಲು, 18 ಫೆಬ್ರವರಿ

ಹೆಲ್ಯು ಅವರೇ,

ಕೋಪ ಬಂದಿದ್ದರೆ ನನ್ನದೇ ತಪ್ಪು. ಹಾಸಿಗೆಯ ಪ್ರಶ್ನೆ ವಾಪಸ್ ತೆಗೆದುಕೊಳ್ಳುತ್ತೇನೆ. ಉತ್ತರ ನನಗೆ ಬೇಕಿಲ್ಲ.

ಜೊತೆಗೆ ಹೊಸ ನಕ್ಷೆಯಿದೆ. ಶ್ರೀಮತಿ ಪಿಹ್ಲಾಕ್ ಅವರಿಗೆ ತೋರಿಸಿ. ಹಳೆಯದನ್ನು ಗೋಡೆಯ ಮಟ್ಟಕ್ಕೆ ಕೊಯ್ಯುತ್ತೇವೆ, ಆ ಗಾಯದ ಮೇಲೆ ಕಲ್ಲುಣ್ಣೆ ತಡೆಯಿಲ್ಲದೆ ಹಾದುಹೋಗುತ್ತದೆ. ಹೊಸ ಬಾಲ್ಕನಿ ಕಟ್ಟಡಕ್ಕೆ ಜೋತುಬೀಳುವುದಿಲ್ಲ; ನೆಲದಿಂದ ತನ್ನ ಕಾಲ ಮೇಲೆ ತಾನೇ ಎದ್ದು ನಿಲ್ಲುತ್ತದೆ. ಉಕ್ಕಿನ ಕಂಬ, ಮರದ ಹಲಗೆ. ಕಟ್ಟಡಕ್ಕೂ ಅದಕ್ಕೂ ನಡುವೆ ಎರಡು ಬೆರಳಿನ ಸಂದು. ವಾಲದಿರಲಿ ಎಂದು ಅಲ್ಲಲ್ಲಿ ತೆಳ್ಳನೆಯ ಸರಳು, ಸರಳಿನ ಬುಡದಲ್ಲಿ ಬಿಸಿ ದಾಟಗೊಡದ ಗಟ್ಟಿ ಬಿಲ್ಲೆ. ಹಿಡಿದುಕೊಂಡಿರುತ್ತದೆ, ಬಿಸಿ ಕೊಡುವುದಿಲ್ಲ. ಆ ಸಂದಿನಲ್ಲಿ ಹಿಮ ಉದುರುವುದು ಅಡುಗೆಮನೆಯಿಂದ ಕಾಣುತ್ತದೆ.

ಇಂಥ ಬಾಲ್ಕನಿಗೆ ಒಂದು ದೋಷವಿದೆ. ಕಂಬಗಳು ನೇರ ನೆಲದ ಮೇಲೆ ನಿಂತಿರುವುದರಿಂದ ಭಾರದ ಲಾರಿ ಹೋದರೂ ಹಲಗೆ ಸ್ವಲ್ಪ ಅದುರುತ್ತದೆ. ಸಾಮಾನ್ಯವಾಗಿ ನಾನು ಕಂಬದ ಕೆಳಗೆ ರಬ್ಬರು ಕೊಟ್ಟು ಅದನ್ನು ಕೊಲ್ಲುತ್ತೇನೆ. ಹನ್ನೊಂದರ ಸಾಲಿಗೆ ರಬ್ಬರು ಕೊಟ್ಟಿಲ್ಲ. ಕೆರೆ ಬಿರಿದರೆ ಅಂಗಾಲಿಗೆ ತಿಳಿಯಬೇಕು. ನನ್ನ ಮೇಲಿನವರು ಕೇಳಿದರೆ ಮರೆತೆ ಎನ್ನುತ್ತೇನೆ.

ನಾಲ್ಕನೇ ಮಹಡಿಯ ನಕ್ಷೆಯಲ್ಲಿ, ಬಾಗಿಲಿನ ಎಡಕ್ಕೆ, ಪೆನ್ಸಿಲಿನಲ್ಲಿ ಒಂದು ಕುರ್ಚಿ ಬರೆದಿದ್ದೇನೆ. ಫೋಟೋದಲ್ಲಿ ಇದ್ದ ಜಾಗವೇ.

ಮಾರ್ಗುಸ್


ಔಲು, 7 ಮಾರ್ಚ್

ಹೆಲ್ಯು ಅವರೇ,

ನಕ್ಷೆ ತಲುಪಿತೇ? ನಿಮ್ಮಿಂದ ಸುದ್ದಿಯಿಲ್ಲ. ಸ್ವಾಗತದ ಮೇಜಿನವರು ದಿನಾ ನನ್ನನ್ನು ನೋಡಿ ತಲೆಯಾಡಿಸುತ್ತಾರೆ.

ಇಲ್ಲಿ ಬೆಳಕು ಮರಳಿ ಬರುತ್ತಿದೆ. ಸೂರುಗಳಿಂದ ತೊಟ್ಟಿಕ್ಕುವ ಸದ್ದು ನಮ್ಮ ಮೂರು ಪದರ ಗಾಜಿನೊಳಗೆ ಕೇಳುವುದಿಲ್ಲ, ಕಾಣುತ್ತದೆ ಮಾತ್ರ. ನಾನು ಇಷ್ಟು ಬಾಲ್ಕನಿ ಬರೆದಿದ್ದೇನೆ, ಒಂದರ ಮೇಲೂ ಕೂತಿಲ್ಲ ಎಂದು ಮೊನ್ನೆ ಹೊಳೆಯಿತು.

ಗಡುವು ಹತ್ತಿರ ಬಂತು. ಒತ್ತಾಯಿಸುತ್ತಿಲ್ಲ. ಶ್ರೀಮತಿ ಪಿಹ್ಲಾಕ್ ಆರೋಗ್ಯವಾಗಿದ್ದಾರಷ್ಟೆ? ಎಂಡೆಲ್ ಹೇಗಿದ್ದಾರೆ? ಮಿರ್ಯಮ್?

ಮಾರ್ಗುಸ್


ವೋರು, 19 ಮಾರ್ಚ್

ಮಾರ್ಗುಸ್,

ನಕ್ಷೆ ಬಂದ ವಾರವೇ ಮಿರ್ಯಮ್ ಆಸ್ಪತ್ರೆ ಸೇರಿದಳು. ಎದೆಯ ಸೋಂಕು. ಈಗ ಮನೆಗೆ ಬಂದಿದ್ದಾಳೆ. ಮಾರಿಕಾಗೆ ಪೀಠೋಪಕರಣದ ಕಾರ್ಖಾನೆಯಲ್ಲಿ ಪಾಳಿ, ಇನ್ನು ರಜೆ ಕೊಡುವುದಿಲ್ಲವಂತೆ. ಬಾಗಿಲಲ್ಲಿ ನಿಂತು ಏನೂ ಕೇಳದೆ ನನ್ನ ಮುಖ ನೋಡಿದಳು. “ಹೋಗ್ ಬಾರೇ, ನಾನಿರ್ತೀನಿ” ಅಂದೆ. ಅಂದಿನಿಂದ ಹಗಲೆಲ್ಲ ನಾನು ಎಂಟರಲ್ಲಿ.

ಅದು ಮಲಗಲು ಹಟ ಮಾಡುವ ಮಗು. ಒಂದು ಮಧ್ಯಾಹ್ನ “ನೀನೂ ಮಲ್ಕೊ” ಅಂದಿತು. ಪಕ್ಕದಲ್ಲಿ ಮಲಗಿದೆ. ಹಿಮ ಕರಗುವ ಬೆಳಕು ಚಾವಣಿಯ ಮೇಲೆ ನೀರಿನ ಹಾಗೆ ಆಡುತ್ತಿತ್ತು. ಇಬ್ಬರೂ ಕೆರೆಯ ತಳದಲ್ಲಿ ಮಲಗಿ ಮೇಲೆ ನೋಡುತ್ತಿದ್ದೇವೆ ಅನ್ನಿಸಿತು. ಆ ಬೆಳಕು ಮೂಲೆಗೆ ಹೋಗಿ ನಿಂತಿತು. ಹಾಸಿಗೆ ಯಾವ ಮೂಲೆಯಲ್ಲಿದೆ ಎಂದು ಕೇಳಿದ್ದೆಯಲ್ಲ. ಆ ಮೂಲೆ.

ಎರಡು ಕಪ್ಪು ಕಲೆ, ಅಕ್ಕಪಕ್ಕ. ಉದ್ದಕ್ಕೆ, ಮುಂದೆ ಅಗಲ, ಹಿಂದೆ ಸಣ್ಣ.

“ಇದೇನೇ ಮಿರ್ಯಮ್? ಅಮ್ಮ ಒರೆಸಲ್ವಾ?”

“ಒರೆಸಬಾರ್ದು. ಅಮ್ಮ ಬಟ್ಟೆ ತಂದ್ಳು, ನಾನ್ ಅತ್ತೆ.”

“ಯಾಕೆ?”

“ಅದು ಎಂಡೆಲ್ ಅಜ್ಜನ ಅಂಗಾಲು. ಮೇಲ್ ಕೂತಿದ್ದಾರಲ್ಲ. ಒರೆಸಿದ್ರೆ ಕಚಗುಳಿ ಆಗತ್ತೆ, ಎದ್ದು ಹೋಗ್ತಾರೆ.”

ಮಗು ಕೆಮ್ಮಿತು. ಉಸಿರು ಹಿಡಿದು, ಮತ್ತೆ ಕೆಮ್ಮಿತು. ಆಮೇಲೆ ಕೇಳಿತು:

“ಅಜ್ಜಂಗೆ ಅಂಗಾಲಲ್ಲಿ ಕೇಳತ್ತಂತೆ ಅಲ್ವಾ? ನಾನ್ ಕೆಮ್ಮೋದು ಕೇಳತ್ತಾ?”

“ಕೇಳತ್ತೆ.”

“ಮತ್ತೆ ಯಾಕ್ ಕಾಲು ತೆಗ್ಯಲ್ಲ?”

ಹಾಸಿಗೆಯ ಮೇಲೆ ನಿಂತು ಕೈ ಚಾಚಿ ಮೂಲೆ ಮುಟ್ಟಿದೆ. ಸಾಯುವವರ ಹಣೆಯ ಹಾಗೆ ತಣ್ಣಗೆ, ಒದ್ದೆ. ಅದರ ಮೇಲೆ, ಗೋಡೆಯ ಆಚೆಗೇ, ಕುರ್ಚಿ. ಜಿಂಕೆಗಳ ಜಮಖಾನೆ ನಿಮ್ಮಪ್ಪ ನೇತುಹಾಕಿದ, ಇಲ್ಲಿ ನೇತುಹಾಕಿದವಳು ನಾನು.

ಮಾರಿಕಾ ಬಂದ ಮೇಲೆ ಅವಳ ಕೈಯಲ್ಲೇ ಕಾಗದ ಹಿಡಿಸಿ ಸಹಿ ಹಾಕಿದೆ. ಅವಳು, “ಎಂಡೆಲ್ ಅಂಕಲ್?” ಅಂದಳು. ವಾಂಬೊಲರ ಮನೆಗೂ ಹೋಗಿ ಎಲ್ಲ ಹೇಳಿದೆ. ಅವರು, “ನಿನ್ ಪದ್ಯಾನೇ ವಾಸಿ ಇತ್ತಲ್ಲೇ” ಅಂದು ಸಹಿ ಹಾಕಿದರು. ಹನ್ನೆರಡೂ ಇದರ ಜೊತೆಗಿವೆ. ಕೊಯ್ಯಲು ಬರುವವರಿಗೆ ಹೇಳು, ನಾಲ್ಕನೇ ಮಹಡಿಯಿಂದಲೇ ಶುರು ಮಾಡಲಿ. ರಬ್ಬರು ಕೊಡುವುದನ್ನು ಮರೆತೇ ಇರು. ಕೆಲಸ ಮುಗಿದ ಮೇಲೆ ಒಂದು ಸಲ ಬಾ, ಕೆರೆ ಹೆಪ್ಪುಗಟ್ಟುವ ಹೊತ್ತಿಗೆ. ಕಾಲುಚೀಲ ನಾನು ಹೆಣೆದಿಟ್ಟಿರುತ್ತೇನೆ. ಕಾಫಿ ಕಹಿಯಿರುತ್ತದೆ.

ಶ್ರೀಮತಿ ಪಿಹ್ಲಾಕ್ ಅಂತ ಯಾರೂ ಇಲ್ಲ. ಹನ್ನೊಂದರಲ್ಲಿ ಇರುವವಳು ನಾನು, ಎಂಡೆಲ್ ನನ್ನ ಗಂಡ. ಕುರ್ಚಿಯ ಮೇಲೆ ಇದ್ದದ್ದು ಹಂದಿಕಾಲಿನ ಸುಲ್ಟ್, ಕ್ರಿಸ್‌ಮಸ್‌ಗೆ ಮಾಡುವ ಗಟ್ಟಿ ಸಾರು. ಕೆಳಗೆ ದೊಡ್ಡ ಪಾತ್ರೆ, ಮೇಲೆ ಚಿಕ್ಕ ಪಾತ್ರೆ, ಆರಿ ಹೆಪ್ಪುಗಟ್ಟಲಿ ಅಂತ ನಾನೇ ಇಟ್ಟದ್ದು. ನಿನ್ನ ಫೋಟೋ ನೋಡಿದ ಕೂಡಲೇ ನನಗದು ಗೊತ್ತಾಗಿತ್ತು.